ಅಪ್ಪನ ಪಾತ್ರದಲ್ಲಿ ಡ್ರೈವರ್ ಮಾಮ

ಜೂನ್ ೪

ನನ್ನ ಗುಂಡುಸೂಜಿಯೇ,

ಪರದೆ ಏಳುವ ಮೊದಲು ಮೂರು ಸಲ ಗಂಟೆ ಹೊಡೆಯುತ್ತಾರೆ. ಮೂರನೆಯದು ಹೊಡೆದ ಮೇಲೆ ಆಕಾಶ ಕಳಚಿ ಬಿದ್ದರೂ ನಾಟಕ ನಿಲ್ಲಕೂಡದು. ಇದು ನಿನ್ನಪ್ಪ ಹರೆಯದಿಂದ ನಂಬಿಕೊಂಡು ಬಂದ ವೇದವಾಕ್ಯ. ಆದರೆ ನಿನ್ನನ್ನು ಆ ಆರೈಕೆ ಮನೆಯ ಗೇಟಿನಲ್ಲಿ ಬಿಟ್ಟು ಬಂದ ಮರುದಿನ ಏನಾಯಿತು ಕೇಳು. ಮೂರನೆಯ ಗಂಟೆ ಹೊಡೆಯಿತು. ಪರದೆ ಎದ್ದಿತು. ಮಹಾರಾಜ ಸಿಂಹಾಸನದಿಂದ ಎದ್ದ, ಕೈ ಎತ್ತಿದ, ಬಾಯಿ ತೆರೆದ. ಮಾತು ಬರಲಿಲ್ಲ. ಊರೆಲ್ಲ ನಡುಗಿಸುವ ಈ ಗಂಟಲಿನಲ್ಲಿ ಒಂದು ಅಕ್ಷರ ಇರಲಿಲ್ಲ. ಮಂತ್ರಿಯ ಪಾತ್ರದವನು ಚುರುಕು ನೋಡು, ‘ಪ್ರಭುಗಳು ಚಿಂತಾಕ್ರಾಂತರಾಗಿದ್ದಾರೆ, ಸಭೆ ಮುಗಿಯಿತು’ ಎಂದು ಎಲ್ಲರನ್ನೂ ಒಳಗೆ ಅಟ್ಟಿದ. ಜನ ಚಪ್ಪಾಳೆ ಹೊಡೆದರು. ಅವರಿಗೆ ಅದೂ ನಾಟಕವೇ.

ಮನೆಯಲ್ಲಿ ನಿನ್ನ ಕೋಣೆಯ ಬಾಗಿಲು ಈಗ ತೆರೆದಿದೆ. ಒಂದು ವರ್ಷದ ಹತ್ತಿರ ಮುಚ್ಚಿಕೊಂಡಿದ್ದ ಬಾಗಿಲು. ಅದರ ಹೊರಗೆ ನಿಂತು ನಾನು ಕುಂಟ ಪೊಲೀಸನಾದೆ, ಜಗಳಗಂಟಿ ಅತ್ತೆಯಾದೆ, ಗಿಳಿಯಾದೆ, ಗಿಳಿ ಹಿಡಿಯುವವನೂ ಆದೆ. ಒಮ್ಮೊಮ್ಮೆ ಒಳಗಿನಿಂದ ನಗು ಕೇಳಿಸುತ್ತಿತ್ತು. ಅಂದು ನಾನು ಚಕ್ರವರ್ತಿ. ಈಗ ಬಾಗಿಲು ತೆರೆದಿದೆ, ಒಳಗೆ ಪ್ರೇಕ್ಷಕರಿಲ್ಲ. ಆದರೂ ಅದರ ಮುಂದೆ ಹೋಗುವಾಗ ತುದಿಗಾಲಿನಲ್ಲೇ ಹೋಗುತ್ತೇನೆ.

ಅಲ್ಲಿಯವರು ಹೇಳಿದ್ದು ನೆನಪಿದೆ: ಶಾಲೆಯ ಗೇಟು ಕಂಡರೆ ನಿನಗೆ ಉಸಿರು ಕಟ್ಟುವುದು ನಾಟಕವೂ ಅಲ್ಲ, ಸೋಮಾರಿತನವೂ ಅಲ್ಲ, ಅದಕ್ಕೆ ದಾರಿಯಿದೆ, ನಿಧಾನದ ದಾರಿ. ಆಗಲಿ. ಆದರೆ ಶನಿವಾರದ ಕೂಟಕ್ಕೆ ಅಪ್ಪನೂ ಬರಬೇಕು ಎಂದರಲ್ಲ, ಶನಿವಾರ ನಮ್ಮಲ್ಲಿ ಎರಡು ಆಟ. ಮಹಾರಾಜನಿಲ್ಲದೆ ರಾಜ್ಯ ನಡೆದೀತೇ? ಅನುಕೂಲ ನೋಡಿ ಬರುತ್ತೇನೆ. ಬಂದೇ ಬರುತ್ತೇನೆ.

ನಿನ್ನ ಅಪ್ಪ

ಜೂನ್ ೧೫

ಅಪ್ಪಾ,

ಇಲ್ಲಿ ಫೋನ್ ಇಲ್ಲ, ಪತ್ರ ಮಾತ್ರ. ಪತ್ರವನ್ನು ಯಾರೂ ಒಡೆದು ಓದುವುದಿಲ್ಲ. ಆದರೆ ನೀನು ಲಕೋಟೆಯ ಮೇಲೆಯೇ ‘ಮಹಾರಾಜರ ಸನ್ನಿಧಾನದಿಂದ’ ಎಂದು ಬರೆದರೆ ಅಡುಗೆಯ ಅಜ್ಜಿ ಓದದೆ ಇರುತ್ತಾರಾ? ಈಗ ಎಲ್ಲರೂ ನನ್ನನ್ನು ರಾಜಕುಮಾರಿ ಎನ್ನುತ್ತಾರೆ. ಬಹಳ ಉಪಕಾರವಾಯಿತು.

ಈ ಮನೆಯಲ್ಲಿ ಎರಡು ಕುರ್ಚಿ ಒಂದೇ ತರಹ ಇಲ್ಲ. ಎಲ್ಲವೂ ಯಾರೋ ಕೊಟ್ಟದ್ದು. ಒಂದು ಹಲ್ಲಿನ ಡಾಕ್ಟರದು, ಒಂದು ಬ್ಯಾಂಕಿನದು, ಒಂದು ಕ್ಷೌರದಂಗಡಿಯದು. ಅದು ತಿರುಗುತ್ತದೆ, ಆದ್ದರಿಂದ ಅದಕ್ಕೆ ದಿನಾ ಜಗಳ. ನನ್ನ ಕೋಣೆಯಲ್ಲಿರುವವಳು ಕೈ ತೊಳೆದದ್ದೇ ತೊಳೆಯುತ್ತಾಳೆ. ತನಗೆ ತಾನೇ ‘ಸೋಪು’ ಎಂದು ಹೆಸರಿಟ್ಟುಕೊಂಡಿದ್ದಾಳೆ. ‘ನೀವೆಲ್ಲ ಇಡೋಕೆ ಮುಂಚೆ ನಾನೇ ಇಟ್ಕೊಂಡುಬಿಟ್ಟೆ’ ಅಂತ. ನನಗೆ ಅವಳು ಇಷ್ಟ.

ನಮ್ಮ ಜೊತೆ ಮಾತಾಡುವ ಆಪ್ತಸಲಹೆಗಾರ್ತಿಯನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ಅವರು ಕಡಿಮೆ ಮಾತಿನವರು. ಬೆಳಗ್ಗೆ ನಾವಿಬ್ಬರೂ ಬೀದಿಯ ತಿರುವಿನ ತನಕ ನಡೆಯುತ್ತೇವೆ. ತಿರುವಿನ ಆಚೆ ಒಂದು ಶಾಲೆಯಿದೆ. ಇನ್ನೂ ತಿರುವು ದಾಟಿಲ್ಲ. ‘ನಾಳೆನೂ ಶಾಲೆ ಅಲ್ಲೇ ಇರುತ್ತೆ ಬಿಡು’ ಎನ್ನುತ್ತಾರೆ.

ಶನಿವಾರ ಕುಟುಂಬದ ಕೂಟ. ಯಾರ ಮನೆಯವರು ಬಂದಿಲ್ಲವೋ ಅವರ ಜಾಗಕ್ಕೆ ಒಂದು ಕುರ್ಚಿ ಹಾಕಿ, ಇಲ್ಲಿಯವರಲ್ಲೇ ಒಬ್ಬರನ್ನು ಕೂರಿಸುತ್ತಾರೆ. ಮನೆಯವರಿಗೆ ಹೇಳಬೇಕಾದ್ದನ್ನು ಅವರಿಗೆ ಹೇಳಿ ಅಭ್ಯಾಸ ಮಾಡಿಕೊಳ್ಳಬೇಕು. ‘ನಿಮ್ಮಪ್ಪನಾಗಿ ಯಾರು ಕೂರಲಿ?’ ಎಂದು ಅಕ್ಕ ಕೇಳಿದರು. ನಾನು ವ್ಯಾನಿನ ಡ್ರೈವರ್ ಮಾಮನನ್ನು ಆರಿಸಿದೆ. ಅವರು ಬ್ಯಾಂಕಿನ ಕುರ್ಚಿಯಲ್ಲಿ ಕೂತು, ‘ಏನಮ್ಮಾ, ನಾನೀಗ ನಿಮ್ಮಪ್ಪನಾ? ಸಂಬಳ ಜಾಸ್ತಿ ಕೊಡ್ತಾರಾ?’ ಎಂದರು. ಆ ದಿನ ನಾನು ಅವರನ್ನು ಬರೀ ನೋಡಿದೆ.

ಅಪ್ಪಾ, ನನ್ನ ಬಾಗಿಲಿನ ಹೊರಗಿನ ಗಿಳಿ ಹೇಗಿದೆ?

ನಿನ್ನ ಮಗಳು

ಜೂನ್ ೨೧

ಎಲೈ ಮಗಳೇ,

ಇದೇನು ಕೇಳುತ್ತಿದ್ದೇನೆ? ನಾನು ಬದುಕಿರುವಾಗಲೇ, ಗಂಟಲು ನೆಟ್ಟಗಿರುವಾಗಲೇ, ನನ್ನ ಪಾತ್ರಕ್ಕೆ ಇನ್ನೊಬ್ಬ ನಟನೇ? ಅದೂ ರಂಗದ ಮೆಟ್ಟಿಲು ಹತ್ತದವನು, ಸ್ಟೇರಿಂಗು ಹಿಡಿದವನು? ನನಗೆ ಜ್ವರ ಬಂದಾಗಲೂ ಈ ಕಂಪನಿಯಲ್ಲಿ ಬದಲಿ ಮಹಾರಾಜನನ್ನು ಹಾಕಿದವರಿಲ್ಲ. ಈ ಸುದ್ದಿಯನ್ನು ಮಂತ್ರಿಗೆ ಹೇಳಿದೆ. ‘ಅಣ್ಣಾ, ಅವನಾದ್ರೂ ಟೈಮಿಗೆ ಸರಿಯಾಗಿ ಬರ್ತಾನಾ ಕೇಳು’ ಎಂದ. ಪಾಪಿ.

ಆಗಲಿ, ಡ್ರೈವರ್ ಸಾಹೇಬರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಪಾತ್ರ ಮಾಡುವುದಾದರೆ ನೆಟ್ಟಗೆ ಮಾಡಲಿ. ಬೆನ್ನು ನೇರ. ಎದೆ ಮುಂದೆ. ಮಗಳು ಎದುರಿಗೆ ಬಂದಾಗ ಎರಡೂ ಕೈ ಚಾಚಬೇಕು, ಬಲಗೈ ಮೊದಲು. ಇದರ ಜೊತೆಗೆ ಸಂಭಾಷಣೆ ಬರೆದು ಕಳಿಸಿದ್ದೇನೆ, ಎರಡು ಹಾಳೆ. ‘ಬಾ ಮಗಳೇ, ನನ್ನ ಹೃದಯಾಕಾಶದ ಒಂಟಿ ತಾರೆಯೇ’ ಎಂಬಲ್ಲಿ ಸ್ವರ ಏರಬೇಕು, ‘ನೀನಿಲ್ಲದ ಮನೆ ಮನೆಯಲ್ಲ’ ಎಂಬಲ್ಲಿ ಇಳಿಯಬೇಕು. ಅಲ್ಲಿ ಕಣ್ಣೀರು ಬಂದರೆ ಒರೆಸಿಕೊಳ್ಳಬಾರದು, ಜನರಿಗೆ ಕಾಣಲಿ.

ಗಿಳಿ ಮೂಲೆ ಹಿಡಿದಿದೆ. ಕೇಳುವವರಿಲ್ಲದೆ ಅದಾದರೂ ಯಾರಿಗಾಗಿ ಮಾತಾಡಬೇಕು?

ನಿನ್ನ ನಿಜವಾದ ಅಪ್ಪ

ಜುಲೈ ೨

ಅಪ್ಪಾ,

ನಿನ್ನ ಸಂಭಾಷಣೆಯನ್ನು ಡ್ರೈವರ್ ಮಾಮನಿಗೆ ಕೊಟ್ಟೆ. ಅವರು ಮೊದಲ ಹಾಳೆ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ‘ಇದರಲ್ಲಿ ಬ್ರೇಕೇ ಇಲ್ಲವಲ್ಲಮ್ಮಾ’ ಎಂದರು. ಎರಡನೆಯದನ್ನು ಓದಿ, ‘ನಿಮ್ಮಪ್ಪ ಉಸಿರು ಎಲ್ಲಿ ತಗೋತಾರೆ?’ ಎಂದರು. ಅದನ್ನು ನಾನೂ ಚಿಕ್ಕಂದಿನಿಂದ ಹುಡುಕುತ್ತಿದ್ದೇನೆ ಎಂದೆ. ಸೋಪು ನಕ್ಕೂ ನಕ್ಕೂ ಒಂದು ಗಂಟೆ ಕೈ ತೊಳೆಯುವುದನ್ನು ಮರೆತಳು. ಅಕ್ಕ ಅದನ್ನು ಬರೆದುಕೊಂಡರು. ನಿನ್ನ ನಾಟಕಕ್ಕೆ ಇಷ್ಟು ಒಳ್ಳೆಯ ವಿಮರ್ಶೆ ಹಿಂದೆ ಬಂದಿರಲಿಕ್ಕಿಲ್ಲ.

ಆದರೆ ಆ ಹಾಳೆಗಳನ್ನು ಇಲ್ಲಿ ಉಪಯೋಗಿಸುವಂತಿಲ್ಲ. ಇಲ್ಲಿಯ ನಿಯಮ ಹೀಗಿದೆ: ಕುರ್ಚಿಯಲ್ಲಿ ಕೂತವರು ತಾವಾಗಿ ಏನೂ ಹೇಳಬಾರದು. ಮಾಮ ಸುಮ್ಮನೆ ಕೂತಿರುತ್ತಾರೆ, ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದರಲ್ಲಿ ವ್ಯಾನಿನ ಕೀ. ಆ ಕೀಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಇರುತ್ತಾರೆ.

ಈಗ ಒಂದು ಮುಖ್ಯ ವಿಷಯ. ಆಗಸ್ಟ್ ಕೊನೆಗೆ ನಾನು ಇಲ್ಲಿಂದ ಹೊರಡಬೇಕು. ಒಂದೋ ಮನೆಗೆ. ಇಲ್ಲವೇ ಇದೇ ಸಂಸ್ಥೆಯವರ ಇನ್ನೊಂದು ಮನೆಗೆ, ಬೇರೆ ಊರಿನಲ್ಲಿ. ಅದನ್ನು ದೊಡ್ಡವರ ಮನೆ ಎನ್ನುತ್ತಾರೆ. ಅಲ್ಲಿದ್ದುಕೊಂಡು ಎರಡು ವರ್ಷ ಓದಬಹುದು. ಆಗಸ್ಟ್ ಮೂವತ್ತರ ಕೂಟದಲ್ಲಿ ನಾನೇ ಹೇಳಬೇಕು. ಆದರೆ ನೀನು ಅದಕ್ಕೆ ಮೊದಲು ಒಂದು ಸಲವಾದರೂ ಬಂದು ಕೂರದಿದ್ದರೆ ‘ಮನೆ’ ಎಂಬ ಉತ್ತರವನ್ನು ಅವರು ಒಪ್ಪುವುದಿಲ್ಲ. ಖಾಲಿ ಕುರ್ಚಿಯ ಜೊತೆ ಮನೆಗೆ ಕಳಿಸೋಕಾಗಲ್ಲ ಎಂದರು ಅಕ್ಕ.

ಬೀದಿಯ ತಿರುವು ದಾಟಿದೆ. ಶಾಲೆಯ ಗೋಡೆ ಹಳದಿ ಬಣ್ಣದ್ದು. ಅಷ್ಟು ನೋಡಿ ವಾಪಸ್ ಬಂದೆವು.

ಬರುತ್ತೀಯಾ?

ನಿನ್ನ ಮಗಳು

ಜುಲೈ ೧೦

ನನ್ನ ಗುಂಡುಸೂಜಿಯೇ,

ಗೋಡೆಯ ಬಣ್ಣ ಹಳದಿ ಎಂಬ ಒಂದು ವಾಕ್ಯವನ್ನು ಇಡೀ ಕಂಪನಿಗೆ ಓದಿ ಹೇಳಿದೆ. ಬಣ್ಣದ ಕೋಣೆಯಲ್ಲಿ ಅರ್ಧ ಮೀಸೆ ಅಂಟಿಸಿಕೊಂಡ ಸೇನಾಪತಿ ಎದ್ದು ನಿಂತ. ಪರದೆ ಎಳೆಯುವವನು ಹಗ್ಗ ಬಿಟ್ಟು ಬಂದು ಕೈ ಕುಲುಕಿದ. ನಿನಗೆ ಇಲ್ಲಿ ಎಷ್ಟು ಜನ ಮಾವಂದಿರು ಎಂಬುದನ್ನು ಮರೆಯಬೇಡ.

ಬರುತ್ತೀಯಾ ಎಂದು ಕೇಳುವುದೇ? ಸಿಂಹ ಗುಹೆಗೆ ಬರುತ್ತದೆಯೇ, ನದಿ ಕಡಲಿಗೆ ಬರುತ್ತದೆಯೇ? ಹತ್ತೊಂಬತ್ತನೇ ತಾರೀಕು ಶನಿವಾರ ಬರುತ್ತೇನೆ. ಕಂಪನಿಯ ಯಜಮಾನರು ಕೂಗಾಡಲಿ, ಕಿರೀಟ ಕಿತ್ತುಕೊಳ್ಳಲಿ. ಮಂತ್ರಿ ಸುಳ್ಳು ಹಬ್ಬಿಸುತ್ತಿದ್ದಾನೆ, ‘ಅಣ್ಣ ಯುದ್ಧಕ್ಕೆ ಹೋಗೋ ಹಾಗೆ ರೆಡಿ ಆಗ್ತಿದ್ದಾನೆ’ ಎಂದು. ನಾನು ಒಂದು ಅಂಗಿ ಇಸ್ತ್ರಿ ಮಾಡಿಸಿದ್ದೇನೆ, ಅಷ್ಟೇ.

ಮೊನ್ನೆ ಬಸ್ಸಿನಲ್ಲಿ ಯಾವುದೋ ಹೆಣ್ಣುಮಗು ಹಿಂದಿನ ಸೀಟಿನಿಂದ ‘ಅಪ್ಪಾ’ ಎಂದಿತು. ನಾನು ‘ಓ’ ಎಂದೆ. ನನ್ನ ಓ ಎಂದರೆ ಗೊತ್ತಲ್ಲ, ಡ್ರೈವರ್ ಬಸ್ಸು ನಿಲ್ಲಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂದು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಹೋದೆ.

ನಿನ್ನ ಅಪ್ಪ

ಜುಲೈ ೨೧

ಅಪ್ಪಾ,

ಶನಿವಾರ ನೀನು ಬರಲಿಲ್ಲ.

ನಾನೇನೂ ಕಾಯಲಿಲ್ಲ. ಮಹಡಿಯ ಕಿಟಕಿಯ ಹತ್ತಿರ ಕೂತು ಪುಸ್ತಕ ಓದುತ್ತಿದ್ದೆ. ಯಾವ ಪುಸ್ತಕ ಎಂದು ಸೋಪು ಕೇಳಿದಳು. ತಿರುಗಿಸಿ ನೋಡಿ ಹೇಳಬೇಕಾಯಿತು. ಮೂರು ಬಸ್ಸು ಬಂದವು. ಕೂಟ ಶುರುವಾಗುತ್ತದೆ ಎಂದು ಕರೆದಾಗ ಕೆಳಗೆ ಇಳಿದೆ.

ಆ ದಿನ ಡ್ರೈವರ್ ಮಾಮನಿಗೆ ಒಂದು ಪ್ರಶ್ನೆ ಕೇಳಿದೆ. ನಿನಗೆ ಕೇಳಬೇಕಾದದ್ದು. ‘ಅಪ್ಪಾ, ನನ್ನ ಕಂಡ್ರೆ ನಿಂಗೆ ಭಯಾನಾ?’ ಎಂದೆ. ಮಾಮ ತಲೆ ತಗ್ಗಿಸಿ ಕೂತಿದ್ದರು. ಅದಾದ ಮೇಲೆ ನನಗೆ ಎಲ್ಲಿತ್ತೋ ಏನೋ, ಬಾಗಿಲಿನ ಒಳಗಡೆ ಕೂತು ನಾನು ಏನೇನು ಅಂದುಕೊಳ್ಳುತ್ತಿದ್ದೆ ಎಲ್ಲವನ್ನೂ ಹೇಳಿದೆ. ಗಿಳಿಗೆ ನಕ್ಕದ್ದು ಕೆಲವು ಸಲ ಸುಳ್ಳು ನಗು, ನೀನು ಊಟಕ್ಕೆ ಹೋಗಲಿ ಎಂದು ನಕ್ಕದ್ದು, ಅದನ್ನೂ ಹೇಳಿದೆ. ಅತ್ತೆ. ಚೆನ್ನಾಗಿಯೇ ಅತ್ತೆ.

ಅಡುಗೆಯ ಅಜ್ಜಿ ಆಮೇಲೆ ಒಂದು ಸುದ್ದಿ ಹೇಳಿದರು. ಕೂಟ ನಡೆಯುವಾಗ ಯಾರೋ ಒಬ್ಬರು ಬಂದು ಅಂಗಳದ ನಲ್ಲಿಯ ಹತ್ತಿರ, ಕೂಟದ ಕೋಣೆಯ ಕಿಟಕಿಯ ಪಕ್ಕದಲ್ಲೇ, ಬಹಳ ಹೊತ್ತು ನಿಂತಿದ್ದರಂತೆ. ‘ಒಳಗೆ ಬನ್ನಿ ಅಂದೆ. ಬೇಡ ತಾಯಿ, ಬಸ್ಸಿದೆ ಅಂದ್ರು. ಮೆಲ್ಲಗೇ ಅಂದ್ರು, ಆದ್ರೂ ನನ್ನ ಪಾತ್ರೆ ಅದುರಿದ್ವು ನೋಡು’ ಎಂದರು. ನಲ್ಲಿ ರಿಪೇರಿಯವರಿರಬೇಕು ಅಜ್ಜಿ ಎಂದೆ.

ನಮ್ಮ ನಲ್ಲಿ ಸರಿಯಾಗಿಯೇ ಇದೆ.

ನಿನ್ನ ಮಗಳು

ಜುಲೈ ೩೦

ಮಗಳೇ,

ಆ ಶನಿವಾರ ಬರಲಾಗಲಿಲ್ಲ. ಕಂಪನಿಯಲ್ಲಿ ತೊಂದರೆಯಿತ್ತು.

ಆಗಸ್ಟ್ ಒಂಬತ್ತರ ಕೂಟಕ್ಕೆ ಬರುತ್ತೇನೆ. ಈ ಸಲ ಖಂಡಿತ. ಹೇಗೆ ಕೂರಬೇಕು ಎಂಬುದು ನನಗೆ ಈಗ ಗೊತ್ತಿದೆ. ತಯಾರಿ ಮಾಡಿಕೊಳ್ಳುತ್ತಿದ್ದೇನೆ.

ಊಟ ಸರಿಯಾಗಿ ಮಾಡು.

ಅಪ್ಪ

ಆಗಸ್ಟ್ ೧೧

ಅಪ್ಪಾ,

ಎರಡು ದಿನ ಬರೆಯಬಾರದು ಎಂದುಕೊಂಡೆ. ಕೋಪ ಇಳಿಯಲಿ ಎಂದು ಅಕ್ಕ ಹೇಳಿದರು. ಇಳಿದಿಲ್ಲ, ಬರೆಯುತ್ತಿದ್ದೇನೆ.

ನೀನು ಬಂದೆ. ಇಸ್ತ್ರಿ ಮಾಡಿದ ಅಂಗಿ. ಕಿವಿಯ ಹಿಂದೆ ಚೂರು ಬಣ್ಣ ಉಳಿದಿತ್ತು. ಇನ್ನೇನು ಈ ಕೋಣೆಯಲ್ಲಿ ಗುಡುಗು ಹುಟ್ಟುತ್ತದೆ, ಎಲ್ಲರೂ ಬೆಚ್ಚಿಬೀಳುತ್ತಾರೆ, ನನಗೆ ನಾಚಿಕೆಯಾಗುತ್ತದೆ, ಆದರೂ ಪರವಾಗಿಲ್ಲ, ಆಗಲಿ ಎಂದುಕೊಂಡೆ. ನೀನು ಬ್ಯಾಂಕಿನ ಕುರ್ಚಿಯಲ್ಲಿ ಕೂತೆ. ನಾನು ಅದೇ ಪ್ರಶ್ನೆ ಕೇಳಿದೆ. ಎಷ್ಟು ಕಷ್ಟಪಟ್ಟು ಕೇಳಿದೆ ಗೊತ್ತಾ? ಡ್ರೈವರ್ ಮಾಮನನ್ನು ಕೇಳುವುದು ಬೇರೆ, ನಿನ್ನನ್ನು ಕೇಳುವುದು ಬೇರೆ.

ನೀನು ಒಂದು ಕೈ ಮೊಣಕಾಲಿನ ಮೇಲೆ ಇಟ್ಟೆ. ತಲೆ ತಗ್ಗಿಸಿದೆ. ಸುಮ್ಮನಾದೆ. ‘ಏನಾದ್ರೂ ಹೇಳ್ತೀರಾ ಸರ್?’ ಎಂದು ಅಕ್ಕ ಕೇಳಿದರು. ನೀನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಆಗ ನಾನು ನಿನ್ನ ಇನ್ನೊಂದು ಕೈ ನೋಡಿದೆ. ಅದರಲ್ಲಿ ಕೀ ಇರಲಿಲ್ಲ. ಆದರೂ ಹೆಬ್ಬೆರಳು ಕೀ ಉಜ್ಜುತ್ತಿತ್ತು.

ಅಪ್ಪಾ, ನೀನು ಡ್ರೈವರ್ ಮಾಮನ ಪಾತ್ರ ಮಾಡುತ್ತಿದ್ದೆ.

ತನ್ನದೇ ಜಾಗದಲ್ಲಿ ತನ್ನ ಬದಲಿಯವರನ್ನು ನಟಿಸಿ ತೋರಿಸಿದ ಅಪ್ಪ ಈ ಭೂಮಿಯ ಮೇಲೆ ಇನ್ನೊಬ್ಬ ಇರಲಾರ. ನನಗೆ ನಗು ಬಂತು, ನಗಲು ಆಗಲಿಲ್ಲ. ಮಾಮ ಬಾಗಿಲಿನ ಹತ್ತಿರ ನಿಂತು ನೋಡಿದ್ದರು. ‘ಕನ್ನಡಿ ನೋಡಿದ ಹಾಗಾಯ್ತು. ನಾನೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ’ ಎಂದರು.

ನಲ್ಲಿಯ ಹತ್ತಿರ ನಿಂತದ್ದು ನೀನೇ ಎಂದು ನನಗೆ ಆಗಲೇ ಗೊತ್ತಿತ್ತು. ಕಿಟಕಿಯಿಂದ ನೀನು ನೋಡಿದೆ, ಮಾಮ ಸುಮ್ಮನಿದ್ದರು, ಮಗಳು ಮಾತಾಡಿದಳು. ಓಹೋ, ಇವಳಿಗೆ ಸುಮ್ಮನಿರುವ ಅಪ್ಪ ಬೇಕು ಎಂದು ತೀರ್ಮಾನ ಮಾಡಿಕೊಂಡೆ. ಅಲ್ಲವಾ? ತಪ್ಪು ತಿಳಿದೆ. ಕುರ್ಚಿಯಲ್ಲಿ ಕೂತವರು ನಾವು ಹೇಳಿಕೊಟ್ಟದ್ದನ್ನು ಮಾತ್ರ ಹೇಳಬಹುದು. ಬೇರೆ ಎಲ್ಲದಕ್ಕೂ ಮಾಮನಿಗೆ ನಿನ್ನ ಮಾತು ಹೇಳಿಕೊಟ್ಟಿದ್ದೆ, ‘ಹಾಲು ಕುಡಿದೆಯಾ’, ‘ಪಂಖ ನಿಲ್ಲಿಸು’, ಎಲ್ಲ. ಆ ಪ್ರಶ್ನೆಗೆ ಮಾತ್ರ ಏನೂ ಹೇಳಿಕೊಡಲಿಲ್ಲ. ನೀನು ಏನು ಹೇಳುತ್ತೀ ಎಂದು ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನಿನ್ನ ಮಾತು ಕೇಳಿದ್ದೇನೆ, ಆ ಒಂದು ಜಾಗಕ್ಕೆ ಹೊಂದುವ ಮಾತು ಅದರಲ್ಲಿ ಸಿಗಲಿಲ್ಲ. ಅದಕ್ಕೇ ಮಾಮ ಸುಮ್ಮನಿದ್ದರು.

ಗೇಟಿನಲ್ಲಿ ಹೋಗುವಾಗ ನೀನು ‘ಚಪ್ಪಲಿ ಸವೆದಿದೆಯಲ್ಲ, ಹೊಸದು ತಗೋ’ ಎಂದೆ. ಅವತ್ತು ನೀನು ಆಡಿದ ಮಾತು ಅದೊಂದೇ. ಬಸ್ಸು ಹೋದ ಮೇಲೂ ನಾನು ಅಲ್ಲೇ ನಿಂತು ಅದನ್ನೇ ಕೇಳಿಸಿಕೊಳ್ಳುತ್ತಿದ್ದೆ.

ದೊಡ್ಡವರ ಮನೆಯ ಬಗ್ಗೆ ಅಕ್ಕ ಕೇಳಿದರು. ಅಲ್ಲಿಗೇ ಹೋಗುತ್ತೇನೇನೋ ಎಂದೆ. ಮೂವತ್ತರ ತನಕ ಬದಲಾಯಿಸಬಹುದಂತೆ.

ಮಗಳು

ಆಗಸ್ಟ್ ೧೭

ಮಗಳೇ,

ಇದು ಎಷ್ಟನೆಯ ಹಾಳೆಯೋ. ಹರಿದು ಹಾಕಿದವುಗಳಲ್ಲಿ ಆಕಾಶ, ತಾರೆ, ಸಿಂಹ ಎಲ್ಲ ಇದ್ದವು. ಮಂತ್ರಿ ಆಯ್ದು ಓದಿ, ‘ಅಣ್ಣಾ, ಅವಳು ಕೇಳಿದ್ದು ಒಂದೇ ಒಂದು ಮಾತು’ ಎಂದ. ಅವನು ಮಂತ್ರಿಯೇ.

ಹೌದು. ಭಯ.

ನಿನ್ನನ್ನು ಕಂಡರೆ ಅಲ್ಲ, ಎಂದು ಬರೆಯಲು ಹೊರಟೆ. ಅದೂ ಪೂರ್ತಿ ನಿಜವಲ್ಲ. ನೀನು ಬಾಗಿಲು ಹಾಕಿಕೊಂಡ ಮೇಲೆ ನಾನು ಹೊರಗೆ ನಿಂತು ಗಿಳಿಯಾಗುತ್ತಿದ್ದೆನಲ್ಲ, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಕಿವಿಗೊಟ್ಟು ನಿನ್ನ ಉಸಿರು ಕೇಳುತ್ತಿದ್ದೆ. ಕೇಳಿಸಿದರೆ ಮುಂದಿನ ಪಾತ್ರ. ಕೇಳಿಸದಿದ್ದರೆ ಇನ್ನೂ ಜೋರಾದ ಪಾತ್ರ. ನಿಲ್ಲಿಸಿದರೆ ‘ಹೇಗಿದ್ದೀಯಾ’ ಎಂದು ಕೇಳಬೇಕಾಗುತ್ತಿತ್ತು. ಕೇಳಿದರೆ ನೀನು ಹೇಳಿಬಿಡುತ್ತಿದ್ದೆ. ಅದಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ಯಾರೂ ಬರೆದುಕೊಟ್ಟಿರಲಿಲ್ಲ. ರಂಗದ ಮೇಲೆ ಭಯ ಬಂದರೆ ಕೈ ಎಲ್ಲಿಡಬೇಕು ಎಂದು ಗೊತ್ತು. ಮನೆಯಲ್ಲಿ ಗೊತ್ತಿಲ್ಲ.

ಆ ದಿನ ಕಿಟಕಿಯ ಹತ್ತಿರ ನಿಂತು ಕೇಳಿದೆ. ಒಳಗೆ ಬರಲು ಕಾಲು ಬರಲಿಲ್ಲ. ಸುಳ್ಳು ನಗು ಎಂದೆಯಲ್ಲ. ನನಗೂ ಕೆಲವು ಸಲ ಗೊತ್ತಾಗುತ್ತಿತ್ತು. ನಟನಿಗೆ ಚಪ್ಪಾಳೆಯಲ್ಲಿ ನಿಜ ಯಾವುದು ಸುಳ್ಳು ಯಾವುದು ಗೊತ್ತಾಗದೆ ಇರುತ್ತದೆಯೇ? ಆದರೂ ಊಟಕ್ಕೆ ಹೋಗುತ್ತಿದ್ದೆ. ನಾನು ಹೋಗಲಿ ಎಂದು ನೀನು ನಕ್ಕಿದ್ದೀ ಎಂದೇ ಹೋಗುತ್ತಿದ್ದೆ.

ಶನಿವಾರದ ಮಹಾರಾಜನ ಪಾತ್ರವನ್ನು ಮಂತ್ರಿಗೆ ಬಿಟ್ಟುಕೊಟ್ಟಿದ್ದೇನೆ. ಕಿರೀಟ ಅವನಿಗೆ ದೊಡ್ಡದು, ಒಳಗೆ ಕಾಗದ ತುರುಕಿಕೊಂಡು ಕುಣಿಯುತ್ತಿದ್ದಾನೆ. ಹಾಗಾಗಿ ಇನ್ನು ಮೇಲೆ ಶನಿವಾರ ಎರಡು ಆಟ ಎಂಬ ನೆಪವೂ ನನಗಿಲ್ಲ.

ದೊಡ್ಡವರ ಮನೆಗೆ ಹೋದರೆ ನಿನಗೆ ಒಳ್ಳೆಯದು ಎಂದು ನಿಮ್ಮ ಅಕ್ಕ ಹೇಳಿದರೆ ಹೋಗು. ನಾನು ಬಸ್ಸು ಬದಲಾಯಿಸಿ ಅಲ್ಲಿಗೇ ಬರುತ್ತೇನೆ. ಆದರೆ ನನ್ನನ್ನು ಕೇಳಿದರೆ, ಮನೆಗೆ ಬಾ. ನೀನು ಮಾತಾಡದೆ ಇದ್ದರೂ ಸರಿ, ಶಾಲೆಗೆ ಹೋಗದ ದಿನ ಬಂದರೂ ಸರಿ. ಬಟ್ಟಲು ತೊಳೆಯದೆ ಇಟ್ಟಿರುತ್ತೀಯಲ್ಲ, ಅದು ಕಾಣದೆ ಸಿಂಕು ಬಿಕೋ ಎನ್ನುತ್ತಿದೆ.

ಇಷ್ಟು ಬರೆದೆ. ಮೂವತ್ತನೇ ತಾರೀಕು ಆ ಕುರ್ಚಿಯಲ್ಲಿ ಕೂತು ಇದನ್ನು ಬಾಯಿ ಬಿಟ್ಟು ಹೇಳಬೇಕು ಎಂದರೆ ಆದೀತೋ ಇಲ್ಲವೋ.

ಅಪ್ಪ

ಆಗಸ್ಟ್ ೨೪

ಅಪ್ಪಾ,

ನಿನ್ನ ಪತ್ರವನ್ನು ಅಂಗಳದ ಕಟ್ಟೆಯ ಮೇಲೆ ಕೂತು ಓದಿದೆ. ಓದುತ್ತಾ ತಲೆಯಲ್ಲಿ ನಿನ್ನ ಧ್ವನಿ ಹಾಕಿಕೊಳ್ಳಲು ನೋಡಿದೆ, ಹಾಕಿಕೊಳ್ಳಲು ಆಗಲಿಲ್ಲ. ಈ ಮಾತುಗಳನ್ನು ನೀನು ಹೇಳಿದರೆ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತೇ ಇಲ್ಲ. ಏರುತ್ತದಾ, ಇಳಿಯುತ್ತದಾ, ನಡುವೆ ಕೆಮ್ಮುತ್ತೀಯಾ. ಅದನ್ನು ಕೇಳಬೇಕು ಎಂಬ ಆಸೆ ಎಷ್ಟಾಗಿದೆ ಎಂದರೆ, ನಿನ್ನೆ ಮಾಮ ವ್ಯಾನಿನ ಹಾರನ್ ಹೊಡೆದಾಗ ನೀನೇ ಬಂದೆ ಎಂದು ಮಹಡಿಯಿಂದ ಓಡಿ ಇಳಿದೆ.

ನಿನ್ನೆ ಅಕ್ಕನಿಗೆ ಹೇಳಿದೆ, ಮನೆಗೆ ಹೋಗುತ್ತೇನೆ ಎಂದು. ಅವರು ಕೂಡಲೇ ಒಪ್ಪುವವರಲ್ಲ. ‘ಮನೆಗೆ ಹೋದ ಮೇಲೂ ಕಷ್ಟದ ದಿನ ಬರುತ್ತೆ, ಗೊತ್ತಿದೆ ತಾನೇ?’ ಎಂದರು. ಗೊತ್ತಿದೆ. ಮೊನ್ನೆ ಶಾಲೆಯ ಗೇಟಿನ ಒಳಗೆ ಕಾಲಿಟ್ಟೆ. ಉಸಿರು ಕಟ್ಟಿತು, ಗೇಟು ಹಿಡಿದುಕೊಂಡು ನಿಂತೆ, ಆಮೇಲೆ ಬಿಟ್ಟಿತು. ನಾಳೆ ಮತ್ತೆ ಕಟ್ಟಬಹುದು.

ಪ್ರತಿ ವಾರ ನಾವಿಬ್ಬರೂ ಬಂದು ಅವರ ಮುಂದೆ ಕೂರಬೇಕಂತೆ. ಆಗಲಿ ಎಂದೆ. ನಿನ್ನ ಪರವಾಗಿಯೂ ನಾನೇ ಆಗಲಿ ಎಂದೆ, ಈ ಸಲ ನೀನು ಹೇಳಿಕೊಡದೆಯೇ.

ಕೊನೆಗೆ ಅವರು ಪೆನ್ನು ಕೆಳಗಿಟ್ಟು ಕೇಳಿದರು. ‘ಇಬ್ಬರೂ ಹೆದರೋರೇ ಆದ್ರೆ ಆ ಮನೇಲಿ ಧೈರ್ಯ ಹೇಳೋರು ಯಾರು?’

‘ಸರದಿ ಮೇಲೆ’ ಎಂದೆ.

ಈ ವಾರದ ಸರದಿ ನನ್ನದು. ಹೆದರಬೇಡ ಅಪ್ಪಾ, ಶನಿವಾರ ಬಾ.

ನಿನ್ನ ಗುಂಡುಸೂಜಿ